ಲೆಂಪಿ ತಟ್ಟದೆ ಬಿಟ್ಟ ಬಾಗಿಲು

ಲಾರಿ, ಕಾರುಗಳನ್ನು ಒಳಗೆ ಬಿಡುವ ಹಡಗಿನ ಬಾಯಿ ಮುಚ್ಚಿ, ಕಬ್ಬಿಣದ ಕದ ಸರಿಯಾಗಿ ಕೂತಿದೆ ಎಂದು ಹಸಿರು ದೀಪ ಹೊತ್ತಿಕೊಂಡ ಮೇಲೆ, ಲೆಂಪಿ ಹುಹ್ತಲಾ ಕೈಗವಸು ಬಿಗಿ ಮಾಡಿಕೊಂಡು ಲಾರಿಗಳ ಸಾಲಿನ ನಡುವೆ ಹೊರಡುತ್ತಿದ್ದಳು. ಒಂದೊಂದು ಲಾರಿಯ ಪಕ್ಕದಲ್ಲೂ ನಿಂತು, ಚಾಲಕನ ಬಾಗಿಲಿಗೆ ಅಂಗೈ ಅಗಲಿಸಿ ಎರಡು ಸಲ ತಟ್ಟುತ್ತಿದ್ದಳು. ಧಡ್, ಧಡ್. ಒಳಗೆ ಯಾರಾದರೂ ಉಳಿದಿದ್ದರೆ ಇಳಿದು ಮೇಲೆ ಹೋಗಬೇಕು ಎಂದು ಅದರ ಅರ್ಥ. ಹಡಗು ಸಾಗುತ್ತಿರುವಾಗ ವಾಹನದ ಡೆಕ್ಕಿನಲ್ಲಿ ಪ್ರಯಾಣಿಕರು ಇರಕೂಡದು. ಲೆಂಪಿ ಕೊನೆಯ ಲಾರಿಯನ್ನು ತಟ್ಟಿ ಬಂದ ಮೇಲೆಯೇ ಮೆಟ್ಟಿಲ ಬಾಗಿಲಿಗೆ ಬೀಗ.

ನಮ್ಮ ತುರ್ಕು ಬಂದರಿನಿಂದ ಸ್ವೀಡನ್ನಿನ ಸ್ಟಾಕ್‌ಹೋಮಿಗೆ ಓಡಾಡುವ ಚಾಲಕರೆಲ್ಲರಿಗೂ ಆ ಎರಡು ಬಡಿತದ ಪರಿಚಯವಿತ್ತು. "ಮನೇಲಿ ಹೆಂಡ್ತಿ ಕೂಗಿದ್ರೂ ನಂಗೆ ಎಚ್ಚರ ಆಗಲ್ಲ. ಲೆಂಪಿ ತಟ್ಟಿದ್ರೆ ಮಾತ್ರ ಕಣ್ಣು ಬಿಡೋಕೆ ಮುಂಚೇನೇ ಕಾಲು ಕೆಳಗಿರುತ್ತೆ" ಎಂದು ಅವರಲ್ಲೊಬ್ಬ ಹೇಳಿದ್ದ. ಅವನ ಹೆಸರು ಓಸ್ಮೋ. ಆ ಮಾತಿಗೆ ಅವತ್ತು ಎಲ್ಲರೂ ನಕ್ಕಿದ್ದರು.

ನಾನು ಆ ಹಡಗಿನ ನೌಕರರ ಮೆಸ್ಸಿನಲ್ಲಿ ಊಟ ಬಡಿಸುತ್ತೇನೆ. ಇಲ್ಲಿ ಬರೆದಿರುವುದರಲ್ಲಿ ಕಣ್ಣಾರೆ ಕಂಡದ್ದು ಸ್ವಲ್ಪ. ಉಳಿದದ್ದನ್ನು ಲೆಂಪಿಯೂ ಡೆಕ್ಕಿನ ಈಗಿನ ಮೇಸ್ತ್ರಿ ಕಾಲ್ಯುವೂ ಹೇಳಿದರು. ಇಬ್ಬರ ಮಾತು ಹೊಂದದ ಕಡೆ ಲೆಂಪಿ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ.

ಲೆಂಪಿ ಕುಸ್ತವಿ ದ್ವೀಪದವಳು. ಅಪ್ಪ ಮೀನಿನ ಬಲೆ ಹಾಕುತ್ತಿದ್ದ. ಶಾಲೆ ಮುಗಿಸಿದ ವರ್ಷವೇ ಅವಳು ಹಡಗು ಹತ್ತಿದಳು, ಕ್ಯಾಬಿನ್‌ಗಳ ಹಾಸಿಗೆ ಬದಲಿಸುವ ಕೆಲಸಕ್ಕೆ. ಬಂದರಿನಲ್ಲಿ ಹಡಗು ನಿಲ್ಲುವುದೇ ಸ್ವಲ್ಪ ಹೊತ್ತು. ಅಷ್ಟರೊಳಗೆ ಮಲಗಿದ್ದವರನ್ನೆಲ್ಲ ಎಬ್ಬಿಸಿ ಕಳಿಸಬೇಕು, ಚೆಲ್ಲಿದ ಬಿಯರು ಒರೆಸಬೇಕು, ಹೊಸ ಹೊದಿಕೆ ಹಾಸಬೇಕು. ಬಾಗಿಲು ತಟ್ಟುವುದನ್ನು ಅವಳು ಕಲಿತದ್ದು ಅಲ್ಲಿ. ಹಲವು ವರ್ಷ ಕಳೆದ ಮೇಲೆ ಒಂದು ದಿನ, ತನ್ನನ್ನು ವಾಹನದ ಡೆಕ್ಕಿಗೆ ಹಾಕಿ ಎಂದು ಕೇಳಿದಳು. ಆಗ ಅಲ್ಲಿ ಹೆಂಗಸರೇ ಇರಲಿಲ್ಲ. ಮೊದಲ ದಿನ ಅಂದಿನ ಮೇಸ್ತ್ರಿ ಮುಖ ಗಂಭೀರ ಮಾಡಿಕೊಂಡು, "ಹೋಗಿ ಅಲೆಯ ಕೀಲಿಕೈ ತಗೊಂಬಾ, ಇಂಜಿನ್ ರೂಮಲ್ಲಿ ಕೇಳು" ಎಂದು ಕಳಿಸಿದ. ಹೊಸಬರಿಗೆಲ್ಲ ಮಾಡುವ ತಮಾಷೆ ಅದು. ಲೆಂಪಿ ಹೋಗಿ ಮೆಸ್ಸಿನಲ್ಲಿ ಕೂತು ನಿಧಾನವಾಗಿ ಕಾಫಿ ಕುಡಿದು ವಾಪಸು ಬಂದು, "ಕೀಲಿಕೈ ಕಪ್ತಾನನ ಹತ್ರ ಇದೆಯಂತೆ. ನೀನೇ ಬಂದು ಸಹಿ ಹಾಕ್ಬೇಕಂತೆ. ಈಗ್ಲೇ ಕಾಯ್ತಿದಾನೆ" ಎಂದಳು. ಮೇಸ್ತ್ರಿ ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಅವನಿಗೆ ಹೊಳೆಯಿತು.

ಆಮೇಲೆ ಅವಳನ್ನು ಯಾರೂ ಆಟವಾಡಿಸಲಿಲ್ಲ. ಇಂಜಿನ್ನುಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಆದ್ದರಿಂದ ಆ ಡೆಕ್ಕಿನ ಭಾಷೆ ಕೈಯದು. ಎರಡೂ ಅಂಗೈ ತನ್ನೆಡೆಗೆ ಬೀಸಿದರೆ ಬಾ. ಒಂದು ಕೈ ನಿಂತರೆ ನಿಧಾನ. ಎರಡೂ ತೋಳು ತಲೆಯ ಮೇಲೆ ಅಡ್ಡ ಹಾಯ್ದರೆ ನಿಲ್ಲು. ಇನ್ನು ಒಂದು ಕೂದಲೆಳೆಯೂ ಅಲುಗಬೇಡ. ಉದ್ದುದ್ದ ಲಾರಿಗಳನ್ನು ಅವಳು ಗೋಡೆಗೆ ಅಂಗೈ ತೂರುವಷ್ಟು ಮಾತ್ರ ಜಾಗ ಬಿಟ್ಟು ನಿಲ್ಲಿಸುತ್ತಿದ್ದಳು. ಕನ್ನಡಿ ಸುಳ್ಳು ಹೇಳಬಹುದು, ಲೆಂಪಿಯ ಕೈ ಹೇಳುವುದಿಲ್ಲ ಎಂದು ಚಾಲಕರಲ್ಲಿ ಮಾತಿತ್ತು. ರಜೆಯ ವಾರಗಳಲ್ಲಿ ಕುಸ್ತವಿಯ ಮನೆಯಲ್ಲಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. "ನೆಲ ಅಲ್ಲಾಡ್ದೆ ಇದ್ರೆ ನಂಗೆ ಏನೋ ಕೆಟ್ಟುಹೋಗಿದೆ ಅನ್ಸುತ್ತೆ" ಎನ್ನುತ್ತಿದ್ದಳು. ಅವಳಿಗೆ ಆ ಡೆಕ್ಕು ಬಿಟ್ಟರೆ ಬೇರೆ ಏನೂ ಬೇಕಿರಲಿಲ್ಲ.

ಇನ್ನು ಓಸ್ಮೋ. ಲೊಯ್ಮಾ ಕಡೆಯ ದಪ್ಪ ಮನುಷ್ಯ, ವಾರಕ್ಕೆರಡು ಸಲ ರಾತ್ರಿಯೆಲ್ಲ ಟೊಮೆಟೊ ತುಂಬಿಕೊಂಡು ಬೆಳಗಿನ ಹಡಗಿನಲ್ಲಿ ಸ್ವೀಡನ್ನಿಗೆ ಹೋಗುವವನು. ಚಾಲಕರಿಗೆ ಮೇಲೆ ಕ್ಯಾಬಿನ್ ಇರುತ್ತದೆ, ಒಂದಕ್ಕೆ ಇಬ್ಬರು. ಓಸ್ಮೋ ಜೊತೆ ಮಲಗಲು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. ಅವನ ಗೊರಕೆ ಅಂಥದ್ದು.

"ಅದು ಗೊರಕೆ ಅಲ್ಲ ಮಾರಾಯ, ಕಬ್ಬಿಣದ ಬಾಗಿಲನ್ನ ಕಲ್ಲಿನ ಮೇಲೆ ಎಳೆದ ಹಾಗೆ" ಎಂದು ಒಬ್ಬ ದೂರಿದ್ದ.

"ನಾನು ಮಲ್ಕೊಂಡಿರ್ತೀನಿ, ನಂಗೇನು ಗೊತ್ತಾಗುತ್ತೆ?" ಎನ್ನುತ್ತಿದ್ದ ಓಸ್ಮೋ.

"ನಿನ್ನೊಬ್ಬನ್ನ ಬಿಟ್ಟು ಇಡೀ ಬಾಲ್ಟಿಕ್ ಸಮುದ್ರಕ್ಕೇ ಗೊತ್ತಾಗುತ್ತೆ!"

ಒಂದು ಸಲ ಅವನ ಚೀಲವನ್ನು ಕ್ಯಾಬಿನ್ನಿನಿಂದ ಹೊರಗೆಸೆದರು. ಅವತ್ತು ಅವನು ಊಟದ ಕೋಣೆಯ ಕುರ್ಚಿಯಲ್ಲಿ ಕೂತೇ ಕಳೆದ. ಸಂಜೆ ಕೆಂಪು ಕಣ್ಣಿನಲ್ಲಿ ಲಾರಿ ಇಳಿಸುವಾಗ ಲೆಂಪಿಯ ಕೈ ಕಾಣದೆ ಇಳಿಜಾರಿನ ಕಂಬಿಗೆ ತಗುಲಿಸಿದ. ಮುಂದಿನ ಸಲ ಅವಳ ಹತ್ತಿರ ಬಂದು ನಿಂತು, "ಲೆಂಪಿ, ನನ್ನ ಬಾಗಿಲು ತಟ್ಬೇಡ. ಗಾಡೀಲೇ ಒರಗ್ತೀನಿ. ಸ್ಟಾಕ್‌ಹೋಮ್ ಹತ್ರ ಬಂದಾಗ ಬಂದು ತಟ್ಟು, ಸಾಕು" ಎಂದ.

"ಆಗಲ್ಲ."

"ನಿದ್ದೆ ಇಲ್ದೆ ಉಪ್ಸಾಲಾವರೆಗೆ ಓಡಿಸ್ಬೇಕು ಕಣೇ. ದಾರೀಲಿ ಯಾರಿಗಾದ್ರೂ ಗುದ್ದಿದ್ರೆ?"

ಅವತ್ತು ಸಾಲಿನ ಉದ್ದಕ್ಕೂ ತಟ್ಟುತ್ತ ಬಂದ ಲೆಂಪಿ ಅವನ ಲಾರಿಯನ್ನು ದಾಟಿ ಮುಂದೆ ಹೋದಳು. ಸ್ಟಾಕ್‌ಹೋಮ್ ಹತ್ತಿರವಾದಾಗ ಬಂದು ಎರಡು ಸಲ ತಟ್ಟಿದಳು. ಅಲ್ಲಿಂದ ಅದೇ ರೂಢಿಯಾಯಿತು. ಓಸ್ಮೋನ ಹೆಂಡತಿ ಮಾಡಿದ ಏಲಕ್ಕಿ ಬನ್ನು ಆಗಾಗ ಡೆಕ್ಕಿನವರ ಕಾಫಿಯ ಜೊತೆಗೆ ಇರುತ್ತಿತ್ತು. ಮೇಸ್ತ್ರಿ ಕಾಲ್ಯು ತಿಂದು ಬೆರಳು ನೆಕ್ಕಿಕೊಳ್ಳುತ್ತಿದ್ದನೇ ಹೊರತು ಅದು ಯಾತಕ್ಕೆ ಬಂತು ಎಂದು ಕೇಳಿರಲಿಲ್ಲ. ಕಾಲ್ಯು ಎಸ್ಟೋನಿಯಾದವನು. ತುರ್ಕು ಕಡೆಯ ನಮ್ಮ ಭಾಷೆಯಲ್ಲಿ ಅವನ ಹೆಸರಿಗೆ ಬೋಳುತಲೆ ಎಂದರ್ಥ, ಅವನಿಗೋ ತಲೆಯ ತುಂಬ ಕೂದಲು.

ಅಕ್ಟೋಬರಿನ ಒಂದು ಗುರುವಾರ. ಗುರುವಾರವೆಂದು ನೆನಪಿರುವುದು, ಪ್ರತಿ ಗುರುವಾರದಂತೆ ಅವತ್ತೂ ಮೆಸ್ಸಿನಲ್ಲಿ ಬಟಾಣಿ ಗಂಜಿ ಬಡಿಸುತ್ತಿದ್ದುದರಿಂದ. ಬೆಳಗ್ಗೆ ತುರ್ಕು ಬಿಟ್ಟು ದ್ವೀಪಗಳ ನಡುವೆ ಬರುವಷ್ಟು ಹೊತ್ತು ಬಟ್ಟಲಿನ ಗಂಜಿ ಅಲುಗಿರಲಿಲ್ಲ. ಮಧ್ಯಾಹ್ನ ನಡುದಾರಿಯ ಬಂದರು ಮರಿಯೆಹಾಮ್ನಿನಲ್ಲಿ ಒಂದಷ್ಟು ಕಾರು ಇಳಿದವು, ಒಂದಷ್ಟು ಹತ್ತಿದವು. ಅಲ್ಲಿಂದಾಚೆ ತೆರೆದ ಸಮುದ್ರ. ದಕ್ಷಿಣದ ಗಾಳಿ ಏರಿತ್ತು. ಲೆಂಪಿ ಮತ್ತು ಕಾಲ್ಯು ಸರಪಳಿಗಳನ್ನು ಇನ್ನೊಂದು ಸುತ್ತು ಬಿಗಿದಿದ್ದರು.

ಓಸ್ಮೋನ ಲಾರಿ ಅವತ್ತು ಎಡಗಡೆಯ ಗೋಡೆಯ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿತ್ತು. ನಮ್ಮಲ್ಲಿ ಚಾಲಕ ಕೂರುವುದು ಎಡಗಡೆಗೆ, ಹಾಗಾಗಿ ಅವನ ಬಾಗಿಲು ಗೋಡೆಗೆ ತಾಗುವಷ್ಟು ಹತ್ತಿರ. ಇಳಿಯುವುದಾದರೆ ಬಲಗಡೆಯ ಬಾಗಿಲೊಂದೇ. ಹಾಗೆ ನಿಲ್ಲಿಸಿದವಳು ಲೆಂಪಿಯೇ. ಬಲಗಡೆಯ ಸಾಲಿನಲ್ಲಿ ಅದರ ಪಕ್ಕಕ್ಕೇ ಒಂದು ಟ್ರೇಲರ್; ಎಳೆದು ತಂದ ಲಾರಿ ಅದನ್ನು ಬಿಟ್ಟು ಇಳಿದು ಹೋಗಿತ್ತು. ಅದರ ತುಂಬ ದೊಡ್ಡ ಕಾಗದದ ಸುರುಳಿಗಳು. ಹಿಂದೆ ಚಕ್ರ, ಮುಂದೆ ಭಾರ ಹೊರಲು ಕುದುರೆ ಎಂದು ಕರೆಯುವ ಒಂದು ಕಬ್ಬಿಣದ ನಾಲ್ಕುಕಾಲಿನ ಆನಿಕೆ.

ಕಾಫಿಯ ಹೊತ್ತಿಗೆ ಚುಕ್ಕಾಣಿ ಕೋಣೆಯಿಂದ ರೇಡಿಯೋದಲ್ಲಿ ಕರೆ ಬಂತು. ಕ್ಯಾಮೆರಾದಲ್ಲಿ ಏನೋ ಅಲುಗಾಡುತ್ತಿದೆ ಎಂದರು. ಲೆಂಪಿ ಮತ್ತು ಕಾಲ್ಯು ಓಡಿದರು. ಉಪಕಪ್ತಾನ ಸಾಂತೇರಿ ಮೇಲಿನಿಂದ ಇಳಿದು ಬಂದ. ಮೂವರೂ ಸೇರಿ ಮೆಟ್ಟಿಲ ಬಾಗಿಲು ತೆಗೆದರು. ಆ ಬಾಗಿಲು ಹಡಗಿನ ಮೂತಿಯ ಕಡೆಗಿದೆ, ಅಲ್ಲಿ ನಿಂತರೆ ಸಾಲುಗಳ ಮುಖ ಕಾಣುತ್ತದೆ.

ಟ್ರೇಲರಿನ ತಳದಲ್ಲಿ ಸರಪಳಿ ಸಿಕ್ಕಿಸುವ ಒಂದು ಬಳೆ ಕಿತ್ತುಬಂದು ಸರಪಳಿ ನೆಲದ ಮೇಲೆ ಬಿದ್ದಿತ್ತು. ಕಬ್ಬಿಣದ ಕುದುರೆ ಓರೆಯಾಗಿತ್ತು. ಹಡಗು ಹೊರಳಿದಂತೆ ಟ್ರೇಲರಿನ ಮುಂಭಾಗ ಆಚೆಗೆ ಜಾರುತ್ತಿತ್ತು, ಮತ್ತೆ ಈಚೆಗೆ. ಈಚೆಗೆ ಬಂದಾಗ ಅದರ ಮೂಲೆ ಓಸ್ಮೋನ ಲಾರಿಯ ಹತ್ತಿರದವರೆಗೆ ಬರುತ್ತಿತ್ತು, ಇನ್ನೂ ತಾಗುತ್ತಿರಲಿಲ್ಲ.

"ಒಳಗೆ ಯಾರೂ ಹೋಗ್ಬೇಡಿ" ಎಂದ ಸಾಂತೇರಿ. ಚಿಕ್ಕ ವಯಸ್ಸಿನವನು, ಆದರೆ ಗಾಬರಿ ಬೀಳುವವನಲ್ಲ. "ಸ್ವೀಡನ್ ಕಡೆಯ ದ್ವೀಪಗಳ ಮರೆ ಸಿಕ್ಕಿದ್ರೆ ಹೊರಳೋದು ನಿಲ್ಲುತ್ತೆ. ಆಗ ಕಟ್ಟೋಣ. ಅಲ್ಲಿವರೆಗೆ ಏನು ಮುರೀತದೋ ಮುರೀಲಿ. ತಗಡು ತಾನೆ? ಜೀವ ಏನೂ ಇಲ್ವಲ್ಲ ಅಲ್ಲಿ."

ಕಾಲ್ಯು ತಲೆಯಾಡಿಸಿದ. ಸರಿಯಾದ ಮಾತೇ. ಒಳಗೆ ಓಸ್ಮೋ ಮಲಗಿದ್ದಾನೆ ಎಂದು ಲೆಂಪಿ ಇನ್ನೂ ಹೇಳಿರಲಿಲ್ಲ, ಅಷ್ಟೇ.

ಹಡಗು ಇನ್ನೊಂದು ಸಲ ಹೊರಳಿತು. ಈ ಸಲ ಟ್ರೇಲರಿನ ಮೂಲೆ ಓಸ್ಮೋನ ಬಾಗಿಲಿಗೆ ತಾಗಿ ಹಿಂದೆ ಸರಿಯಿತು, ಕೂಡಲೇ ಮತ್ತೊಮ್ಮೆ ತಾಗಿತು.

ಧಡ್, ಧಡ್.

ಆ ಸದ್ದು ತನ್ನ ಕೈಯ ಬಡಿತದ ಹಾಗೆಯೇ ಇತ್ತು ಎಂದು ಲೆಂಪಿ ಹೇಳಿದಳು. ಟ್ರೇಲರು ಲಾರಿಯನ್ನು ಜಜ್ಜುತ್ತದೆ ಎನ್ನುವುದು ಆಮೇಲಿನ ಭಯ. ಅದಕ್ಕೆ ಮುಂಚಿನ ಭಯ ಬೇರೆ. ಆ ಎರಡು ಬಡಿತ ಕೇಳಿದರೆ ಓಸ್ಮೋ ಏನು ಮಾಡುತ್ತಾನೆ? ಸ್ಟಾಕ್‌ಹೋಮ್ ಬಂತು, ಲೆಂಪಿ ತಟ್ಟುತ್ತಿದ್ದಾಳೆ ಎಂದುಕೊಳ್ಳುತ್ತಾನೆ. ಕಣ್ಣು ಬಿಡುವುದಕ್ಕೆ ಮುಂಚೆಯೇ ಬಲಗಡೆಯ ಬಾಗಿಲು ತೆಗೆದು ಕಾಲು ಕೆಳಗಿಡುತ್ತಾನೆ. ಲಾರಿಗೂ ಟ್ರೇಲರಿಗೂ ನಡುವಿನ ಆ ಜಾಗಕ್ಕೆ.

ಅವಳು ಸಾಂತೇರಿಯ ಕೈಯಿಂದ ರೇಡಿಯೋ ಕಿತ್ತುಕೊಂಡಳು.

"ರೂನಾರ್, ನಾನು ಲೆಂಪಿ." ನಮ್ಮ ಹಡಗಿನಲ್ಲಿ ಕಪ್ತಾನನಿಗೂ ಹೆಸರು ಹಿಡಿದೇ ಕರೆಯುವುದು. "ಡೆಕ್ಕಲ್ಲಿ ಮನುಷ್ಯ ಇದಾನೆ. ಎಡಗೋಡೆ ಸಾಲು, ಮೊದಲ್ನೇ ಲಾರಿ. ಒಳಗೆ ಮಲಗಿದಾನೆ."

ಸಾಂತೇರಿ ಅವಳ ಮುಖ ನೋಡಿದ. ಕಾಲ್ಯು ನೆಲ ನೋಡಿದ.

"ನೀನು ತಟ್ಟಿದ್ಯಲ್ಲ?" ಎಂದಿತು ರೇಡಿಯೋ.

"ಅವನದ್ದು ತಟ್ಟಲಿಲ್ಲ. ಬೇಕೂಂತ್ಲೇ ಬಿಟ್ಟೆ."

ಕಪ್ತಾನನ ದನಿ ಮೊದಲಿನಷ್ಟೇ ಮೆಲ್ಲಗೆ ಬಂತು. "ಮೂತಿ ಗಾಳಿಗೆ ಎದುರು ಮಾಡ್ತೀನಿ, ಆಗ ಹೊರಳೋದು ನಿಲ್ಲುತ್ತೆ. ತಿರುಗೋವಾಗ ಒಂದ್ಸಲ ಜೋರಾಗಿ ವಾಲುತ್ತೆ. ಅದು ಮುಗಿದು ನಾನು ಹೇಳೋವರೆಗೆ ಯಾರೂ ಒಳಗೆ ಕಾಲಿಡಬಾರದು. ಕೇಳಿಸ್ತಾ?"

"ಕೇಳಿಸ್ತು" ಎಂದ ಸಾಂತೇರಿ, ರೇಡಿಯೋ ವಾಪಸು ತೆಗೆದುಕೊಂಡು. ಅವಳ ಕಡೆ ತಿರುಗಿ, "ಎಷ್ಟು ದಿನದಿಂದ ನಡೀತಿದೆ ಇದು?" ಎಂದ.

"ಆಮೇಲೆ ಕೇಳು."

ಮೇಲೆ ಪ್ರಯಾಣಿಕರ ಡೆಕ್ಕಿನಲ್ಲಿ ಸಂಗೀತದವರು ಬಾರಿಸುವುದನ್ನು ನಿಲ್ಲಿಸಿದ್ದರು. ಎಲ್ಲರೂ ಕೂತುಕೊಳ್ಳಿ, ಏನಾದರೂ ಹಿಡಿದುಕೊಳ್ಳಿ ಎಂದು ಮೂರು ಭಾಷೆಯಲ್ಲಿ ಹೇಳಿದ್ದು ನಮ್ಮ ಮೆಸ್ಸಿಗೂ ಕೇಳಿಸಿತು. ನಾನು ಗಂಜಿಯ ಪಾತ್ರೆಯನ್ನು ಎರಡು ಕೈಯಲ್ಲಿ ತಬ್ಬಿ ನಿಂತೆ. ಕೆಳಗೆ ಏನಾಗುತ್ತಿದೆ ಎಂದು ನಮಗೆ ಗೊತ್ತಿರಲಿಲ್ಲ.

ಕೆಳಗೆ, ಓಸ್ಮೋನ ಲಾರಿಯೊಳಗೆ ದೀಪ ಹತ್ತಿತು.

ಗಾಜಿಗೆ ಎಳೆದಿದ್ದ ಪರದೆ ಅರ್ಧ ಸರಿಯಿತು. ಅವನು ಮುಂದಕ್ಕೆ ನೋಡಲಿಲ್ಲ. ಕೂದಲು ಕೆದರಿದ ತಲೆ ಬಲಗಡೆಗೆ ತಿರುಗಿತು, ಕೈ ಬಾಗಿಲ ಹಿಡಿಗೆ ಹೋಯಿತು. ಟ್ರೇಲರು ಆಗ ಆಚೆಗೆ ಜಾರಿ ನಿಂತಿತ್ತು. ಇಳಿಯಲು ಸಾಕಷ್ಟು ಜಾಗವಿದೆ ಎಂದು ಕಾಣುವಷ್ಟು.

"ಓಸ್ಮೋ!" ಎಂದು ಕಾಲ್ಯು ಕೂಗಿದ. ಆ ಸದ್ದಿನಲ್ಲಿ ಪಕ್ಕದಲ್ಲಿದ್ದ ಸಾಂತೇರಿಗೇ ಅದು ಸರಿಯಾಗಿ ಕೇಳಲಿಲ್ಲ.

ಲೆಂಪಿ ಹೊಸ್ತಿಲು ದಾಟಿದಳು. ಸಾಂತೇರಿ ಅವಳ ಅಂಗಿಯ ತುದಿ ಹಿಡಿದ, ಅದು ಕೈಯಿಂದ ಜಾರಿತು. ಹಡಗು ತಿರುಗಲು ಶುರುವಾಗಿತ್ತು. ನೆಲ ಓರೆಯಾಗುತ್ತ ಹೋಗುತ್ತಿತ್ತು. ಅವಳು ಗೋಡೆಗೆ ಭುಜ ಉಜ್ಜಿಕೊಂಡು ಓಡಿ, ಲಾರಿಯ ಮೂತಿಗೂ ಹಡಗಿನ ಮುಚ್ಚಿದ ಬಾಯಿಗೂ ನಡುವೆ ಇರುವ ಖಾಲಿ ಜಾಗಕ್ಕೆ ಬಂದಳು. ವಾಹನ ಕರೆಯುವಾಗ ಅವಳು ನಿಲ್ಲುತ್ತಿದ್ದ ಜಾಗವೇ ಅದು. ಸೊಂಟದ ಟಾರ್ಚು ಎಳೆದು ಬೆಳಕನ್ನು ನೇರ ಅವನ ಮುಖಕ್ಕೆ ಹಿಡಿದಳು.

ಲಾರಿಯ ಬಲಗಡೆಯ ಬಾಗಿಲು ತೆರೆದಿತ್ತು. ಬೂದು ಬಣ್ಣದ ಉಣ್ಣೆಯ ಕಾಲುಚೀಲ ಹಾಕಿದ ಒಂದು ಪಾದ ಅದರ ಮೆಟ್ಟಿಲ ಮೇಲಿತ್ತು.

ಓಸ್ಮೋ ಬೆಳಕಿನ ಕಡೆ ತಿರುಗಿದ. ಲೆಂಪಿ ಟಾರ್ಚನ್ನು ಕೆಳಗೆ ಬಿಟ್ಟು ಎರಡೂ ತೋಳನ್ನು ತಲೆಯ ಮೇಲೆ ಅಡ್ಡ ಹಾಯಿಸಿ ನಿಂತಳು.

ನಿಲ್ಲು. ಕೂದಲೆಳೆಯೂ ಅಲುಗಬೇಡ.

ಅವನಿಗೆ ಏನು ಅರ್ಥವಾಯಿತೆಂದು ಅವನಿಗೇ ಗೊತ್ತಿಲ್ಲ. ಟ್ರೇಲರನ್ನು ತಾನು ನೋಡಲೇ ಇಲ್ಲ ಎಂದು ಆಮೇಲೆ ಹೇಳಿದ. ಲೆಂಪಿ ಕೈ ಅಡ್ಡ ಹಾಕಿದ್ದಾಳೆ, ಅಷ್ಟೇ ಕಂಡದ್ದು. ಪಾದ ತಾನಾಗಿ ಒಳಗೆ ಹೋಯಿತು. ಹಡಗು ವಾಲಿತು. ಟ್ರೇಲರು ಬಂದು ಆ ಬಾಗಿಲನ್ನು ಅವನ ಬದಲು ತಾನೇ ಮುಚ್ಚಿತು. ಕನ್ನಡಿ ಪುಡಿಯಾಗಿ ನೆಲದ ಮೇಲೆ ಹರಡಿತು, ಬಾಗಿಲಿನ ತಗಡು ಒಳಕ್ಕೆ ತಗ್ಗಿತು. ಲೆಂಪಿ ಗೋಡೆಯ ಕಂಬಿಗೆ ಬೆನ್ನು ಆನಿಸಿಕೊಂಡಿದ್ದಳು. ಟ್ರೇಲರು ಹಿಂದೆ ಸರಿದು ಮತ್ತೆ ಬಂತು. ಅವಳ ತೋಳು ಇಳಿಯಲಿಲ್ಲ. ಗಾಜಿನ ಹಿಂದೆ ಓಸ್ಮೋ ಎರಡೂ ಅಂಗೈ ಮೊಣಕಾಲ ಮೇಲಿಟ್ಟುಕೊಂಡು, ಹೆದರಿದ ಶಾಲೆಯ ಹುಡುಗನ ಹಾಗೆ ಅವಳನ್ನೇ ನೋಡುತ್ತ ಕೂತಿದ್ದ.

ಆಮೇಲೆ ಹೊರಳುವುದು ನಿಂತಿತು. ಹಡಗು ಮೂತಿ ಎತ್ತಿ ಇಳಿಸತೊಡಗಿತು. ಅಲೆ ಈಗ ಎದುರಿನಿಂದ ಬರುತ್ತಿತ್ತು.

"ಈಗ" ಎಂದಿತು ರೇಡಿಯೋ.

ಕಾಲ್ಯು ಮತ್ತು ಸಾಂತೇರಿ ಮರದ ಬೆಣೆಗಳನ್ನು ಹೊತ್ತು ನುಗ್ಗಿದರು. ಚಕ್ರಗಳಿಗೆ ಬೆಣೆ ಕೊಟ್ಟು, ಹೊಸ ಸರಪಳಿ ಹಾಕಿ, ಸನ್ನೆಕೋಲಿನಿಂದ ಎಳೆದೆಳೆದು ಬಿಗಿದರು. ಸಾಂತೇರಿಯ ಅಂಗೈ ಸುಲಿದು ರಕ್ತ ಬಂತು. ಇನ್ನು ಅಲುಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕಾಲ್ಯು ಲೆಂಪಿಯ ಹತ್ತಿರ ಬಂದು, "ಸಾಕು ಕಣೇ, ಕೈ ಇಳಿಸು" ಎಂದ. ಅವನೇ ಅವಳ ಒಂದೊಂದು ತೋಳನ್ನೂ ಹಿಡಿದು ಇಳಿಸಬೇಕಾಯಿತು.

ತಗ್ಗಿದ ಬಾಗಿಲನ್ನು ಹಾರೆಯಿಂದ ಮೀಟಿ ಓಸ್ಮೋನನ್ನು ಇಳಿಸಿದರು.

"ಸ್ಟಾಕ್‌ಹೋಮ್ ಬಂತಾ?" ಎಂದ ಅವನು.

"ಬಂದಿಲ್ಲ. ಬೂಟು ಹಾಕ್ಕೊ, ಗಾಜು ಬಿದ್ದಿದೆ" ಎಂದಳು ಲೆಂಪಿ.

ಸಂಜೆ ಸ್ಟಾಕ್‌ಹೋಮಿನಲ್ಲಿ ಕಪ್ತಾನ ರೂನಾರ್ ಅವಳನ್ನು ಕರೆಸಿಕೊಂಡ. ಓಲಂಡ್ ದ್ವೀಪದ ಮನುಷ್ಯ, ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ.

"ನೀನು ಬಾಯಿ ಬಿಡ್ದೆ ಇದ್ದಿದ್ರೆ ನಾನು ಹಡಗು ತಿರುಗಿಸ್ತಿರ್ಲಿಲ್ಲ" ಎಂದ.

"ಗೊತ್ತು."

"ನೀನು ಬಾಗಿಲು ತಟ್ಟಿದ್ದಿದ್ರೆ ತಿರುಗಿಸೋ ಪ್ರಸಂಗಾನೇ ಬರ್ತಿರ್ಲಿಲ್ಲ."

"ಅದೂ ಗೊತ್ತು."

"ಅವನು ಏನಾದ್ರೂ ಕೊಡ್ತಿದ್ನಾ ನಿಂಗೆ?"

"ಏಲಕ್ಕಿ ಬನ್ನು."

"ನಿನ್ನನ್ನ ಕೆಳಗಿನ ಡೆಕ್ಕಲ್ಲಿ ಇಟ್ಕೊಳ್ಳೋಕಾಗಲ್ಲ ಲೆಂಪಿ. ನಾಳೆ ಇನ್ನೊಬ್ಬ ಬಂದು, ನಂಗೂ ಬೆನ್ನುನೋವು, ನನ್ನದೂ ತಟ್ಬೇಡ ಅಂತಾನೆ."

"ಅಂತಾನೆ" ಎಂದು ಅವಳು ಒಪ್ಪಿದಳು. ಅವಳೇ ಕಪ್ತಾನನ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದಳಂತೆ. ಒಂದೇ ಒಂದು ಮಾತು ಕೇಳಿದಳು. "ದಡಕ್ಕೆ ಕಳಿಸ್ಬೇಡ."

ದಡಕ್ಕೆ ಕಳಿಸಲಿಲ್ಲ. ಅವಳೀಗ ಮತ್ತೆ ಕ್ಯಾಬಿನ್‌ಗಳ ಹಾಸಿಗೆ ಬದಲಿಸುತ್ತಾಳೆ, ಹದಿಹರೆಯದಲ್ಲಿ ಶುರುಮಾಡಿದ ಕೆಲಸವನ್ನೇ. ಮೊದಲ ವಾರ ಡೆಕ್ಕಿನವರು ಮೆಸ್ಸಿಗೆ ಬಂದರೆ ಎದ್ದು ಬೇರೆ ಮೇಜಿಗೆ ಹೋಗುತ್ತಿದ್ದಳು. ಕಾಲ್ಯು ತಟ್ಟೆ ಎತ್ತಿಕೊಂಡು ಹಿಂದೆಯೇ ಹೋಗಿ ಎದುರಿಗೆ ಕೂರುತ್ತಿದ್ದ. ಅವಳು ಏಳುವುದನ್ನು ಬಿಟ್ಟಳು. ಕೆಳಗೆ ಈಗ ಅವಳ ಜಾಗದಲ್ಲಿ ನಿಂತು ಕೈ ಬೀಸುವವನು ಗೋಡೆಯಿಂದ ಒಂದು ತೋಳುದ್ದ ಜಾಗ ಬಿಡುತ್ತಾನೆ. ಅದರಿಂದ ಪ್ರತಿ ಸಲ ಒಂದು ಲಾರಿ ಕಡಿಮೆ ಹಿಡಿಯುತ್ತದೆ ಎಂದು ಚಾಲಕರು ಗೊಣಗುತ್ತಾರೆ. ಲೆಂಪಿಯ ಕಿವಿಗೆ ಬಿದ್ದರೆ, "ತೋಳುದ್ದಾನೇ ಇರ್ಲಿ. ಬಾಗಿಲು ತೆಗೆಯೋಷ್ಟು ಜಾಗ ಬೇಕು" ಎನ್ನುತ್ತಾಳೆ.

ಓಸ್ಮೋಗೆ ಈಗ ಚಾಲಕರ ಓಣಿಯ ಕೊನೆಯಲ್ಲಿ, ಬಟ್ಟೆಗಳ ಉಗ್ರಾಣದ ಪಕ್ಕ, ಒಂಟಿ ಕ್ಯಾಬಿನ್ ಕೊಟ್ಟಿದ್ದಾರೆ. ಮೊದಲೇ ಕೊಟ್ಟಿದ್ದರೆ ಆಗುತ್ತಿತ್ತು, ಆದರೆ ಮೊದಲು ಯಾರೂ ಕೇಳಿರಲಿಲ್ಲ. ಕೇಳುವುದು ನಾಚಿಕೆ ಎಂದು ಅವನೂ ಸುಮ್ಮನಿದ್ದ, ಲೆಂಪಿಯೂ ಸುಮ್ಮನಿದ್ದಳು. ನಮ್ಮ ಕಡೆಯವರು ಹಾಗೆಯೇ.

ಸ್ಟಾಕ್‌ಹೋಮ್ ಹತ್ತಿರವಾದಾಗ ಅವಳು ಆ ಓಣಿಯಲ್ಲಿ ಬಾಗಿಲು ಬಾಗಿಲಿಗೂ ಎರಡು ಸಲ ತಟ್ಟುತ್ತ ಹೋಗುತ್ತಾಳೆ. ಕೊನೆಯ ಬಾಗಿಲಿಗೆ ಮಾತ್ರ ಎರಡು ಸಲ ತಟ್ಟಿದರೆ ಗೊರಕೆ ನಿಲ್ಲುತ್ತದೆ, ಬಾಗಿಲು ತೆರೆಯುವುದಿಲ್ಲ. ಎರಡು ಬಡಿತಕ್ಕೆ ಅವನೀಗ ಕಾಲು ಕೆಳಗಿಡುವುದಿಲ್ಲ. ಎಚ್ಚರವಾಗಿ, ಹೊದಿಕೆ ಎದೆಯವರೆಗೆ ಎಳೆದುಕೊಂಡು ಕಾಯುತ್ತಾನೆ.

ಅದಕ್ಕೆ ಅಲ್ಲಿ ಲೆಂಪಿ ಮೂರನೆಯ ಸಲ ತಟ್ಟುತ್ತಾಳೆ.

"ನೀನೇನಾ?" ಎನ್ನುತ್ತಾನೆ ಒಳಗಿನಿಂದ.

"ಮತ್ಯಾರು, ಟ್ರೇಲರಾ? ಏಳೋ, ಸ್ಟಾಕ್‌ಹೋಮ್ ಬಂತು."